ಸುಣ್ಣ ಕಾಣದ ಮನೆ

ವಸ್ತುಸಂಗ್ರಹಾಲಯದ ನಿರ್ದೇಶಕರು ಹೊಳೆದಂಡೆಯ ಊರೊಂದರ ಹಳೇ ಫೋಟೋವನ್ನು ಜವಾನ ಬೊಮ್ಮಯ್ಯನ ಕೈಗಿಟ್ಟರು. "ಕೆಳಗೆ 1910 ಅಂತ ಬರಿ. ನಾಳೆ ಮಂತ್ರಿಗಳು ಬರ್ತಾರೆ, ಹಳೇದಿದ್ದಷ್ಟೂ ಒಳ್ಳೇದು."

"ಬರೀತೀನಿ ಸಾರ್. ಆದ್ರೆ ಅವರು ನೋಡಿ ಹೋಗೋವರೆಗೂ ಈ ಕರೆಂಟ್ ಕಂಬದ ಮೇಲೆ ನೀವು ಬೆರಳಿಟ್ಕೊಂಡು ನಿಂತಿರಬೇಕು."

ನಿರ್ದೇಶಕರು ಕನ್ನಡಕ ಒರೆಸಿಕೊಂಡು ನೋಡಿದರು. ಕಂಬ ಇತ್ತು.

"ಹಾಗಾದ್ರೆ ಯಾವ ವರ್ಷದ್ದು?"

"ಅರವತ್ತೊಂದು. ದೀಪಾವಳಿಗೆ ಎಲ್ಲ ಮನೆಗೂ ಸುಣ್ಣ ಬಳಿದಿದ್ದಾರೆ, ಈ ಒಂದು ಮನೆಗಿಲ್ಲ. ಸಾವಾದ ಮನೆಗೆ ಆ ವರ್ಷ ಸುಣ್ಣ ಬಳಿಯಲ್ಲ ಸಾರ್. ಅದು ನಮ್ಮನೆ. ಅಪ್ಪ ತೀರಿಹೋದ ವರ್ಷ."

ನಿರ್ದೇಶಕರ ದನಿ ಇಳಿಯಿತು. "ಯಾವುದಕ್ಕೂ ಆ ಊರಿನವರನ್ನ ಒಂದು ಮಾತು ಕೇಳಿಬಿಡೋಣ."

"ಊರು ಅಣೆಕಟ್ಟೆ ನೀರಲ್ಲಿದೆ. ಊರಿನವರು ಅಂತ ಉಳಿದಿರೋದು ನಾನೊಬ್ಬನೇ," ಎಂದ ಬೊಮ್ಮಯ್ಯ. "ಕೇಳಿ ಸಾರ್."