ಭೂತಗನ್ನಡಿ ಬಿಸಿಲು ಹಿಡಿದ ದಿನ

ನನ್ನ ಈ ಪೊದೆ ಮೀಸೆಯ ಮೇಲೆ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾನೇ ಕಣ್ಣಾರೆ ಕಂಡದ್ದು. ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಗೆ ನಡೆಯುತ್ತಿದೆಯೆಂದು ನೋಡಲು ಸಾಹೇಬರು ಬರುವ ದಿನ. ವಿಜ್ಞಾನದ ಸಾಮಾನಿಟ್ಟ ಗಾಜಿನ ಬೀರುವಿನ ಬೀಗ ಎದೆಯುಬ್ಬಿಸಿ ಹೇಳಿತು:

“ಏಳು ವರ್ಷದಿಂದ ಒಂದು ಸಾಮಾನೂ ಒಡೆದಿಲ್ಲ. ಇಲ್ಲಿ ವಿಜ್ಞಾನ ಭದ್ರವಾಗಿದೆ ಎಂದು ಸಾಹೇಬರು ಬರೆಯುವುದು ಖಂಡಿತ.”

“ಹಾಗೆ ಬರೆದರೆ ನಾನು ಇಲ್ಲೇ ಕೊಳೆಯಬೇಕು, ಬೀಗಣ್ಣ,” ಎಂದಿತು ಒಳಗಿದ್ದ ಭೂತಗನ್ನಡಿ. “ಇವತ್ತು ಒಂದು ಮಗುವಿನ ಕೈಯನ್ನಾದರೂ ಸೇರಿಯೇ ಸೇರುತ್ತೇನೆ.”

“ಬಿದ್ದು ಚೂರಾಗ್ತೀಯ, ತಾಯಿ!”

“ಆಗಲಿ.”

ಅದು ಕಿಟಕಿಯ ಬಿಸಿಲನ್ನೆಲ್ಲ ಒಟ್ಟುಗೂಡಿಸಿ, ತನ್ನ ಹಿಂದಿನ ಹಲಗೆಗೆ ಅಂಟಿಸಿದ್ದ ‘ಮುಟ್ಟಬಾರದು’ ಎಂಬ ಚೀಟಿಯ ಮೇಲೆ ಬಿಟ್ಟಿತು. ಚೀಟಿ ಹೊಗೆಯಾಡಿತು. ಐದನೇ ತರಗತಿಯ ಮಕ್ಕಳು ಓಡಿಬಂದು, “ಬೆಂಕಿಪೊಟ್ಟಣವೇ ಇಲ್ಲದೆ ಹೇಗೆ ಸುಟ್ಟಿತು, ಟೀಚರ್?” ಎಂದರು. ಟೀಚರ್ ಬೀಗ ತೆಗೆಯಲೇಬೇಕಾಯಿತು.

ಸಂಜೆಯ ಹೊತ್ತಿಗೆ ಭೂತಗನ್ನಡಿಯ ಮೈತುಂಬ ಬೆರಳಿನ ಗುರುತು, ಅಂಚಿನಲ್ಲೊಂದು ಬಿರುಕು. ಸಾಹೇಬರು ಬರೆದರು: “ಒಂದು ಗಾಜು ಬಿರುಕು ಬಿಟ್ಟಿದೆ. ಪಾಠ ಶುರುವಾಗಿದೆ.”

ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಬೀಗ ಹೇಳಿದ್ದು ಏಳು ವರ್ಷವಲ್ಲ, ಹನ್ನೊಂದು. ಶಾಲೆಯ ಮರ್ಯಾದೆಗೆಂದು ನಾನೇ ನಾಲ್ಕು ಕಳೆದೆ.