ಹತ್ತು ಎಣಿಸಿ ಹೋದ ನೀಲಿ ಪರದೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ.

ಗುಳೇದಗುಡ್ಡದಲ್ಲಿ ಈರಸಂಗಪ್ಪನೆಂಬ, ಖಣದ ಅಂದರೆ ಕುಪ್ಪಸದ ಬಟ್ಟೆಯ ಡಿಸೈನರ್ ಇದ್ದ. ಕಂಪ್ಯೂಟರಿನಲ್ಲಿ ಚಿತ್ತಾರ ಬಿಡಿಸಿ, ಮಗ್ಗಕ್ಕೆ ಬೇಕಾದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕೊಡುವುದು ಅವನ ಕಸುಬು. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ವಿಷಯದಲ್ಲಿ ಮಲಪ್ರಭೆಯ ಈಚೆಗೆ ತನ್ನನ್ನು ಮೀರಿಸಿದವರಿಲ್ಲ ಅನ್ನುತ್ತಿದ್ದ. ಲಿನಕ್ಸ್ ಅಂದರೇನೆಂದು ಊರಲ್ಲಿ ಮತ್ಯಾರಿಗೂ ಗೊತ್ತಿಲ್ಲದ್ದರಿಂದ ಯಾರೂ ಅಲ್ಲಗಳೆಯಲಿಲ್ಲ.

ಒಂದು ದಿನ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ. ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮಾತ್ರ ಲೋಡ್ ಆಗಲೊಲ್ಲದು. ಪರದೆಯ ಮೇಲೆ ಖಣದ ನವಿಲು ಎಮ್ಮೆಯಷ್ಟು ದಪ್ಪಗಾಯಿತು. ಕಾಲು ಪರದೆಯ ಆಚೆ ಹೋದವು. ಇಡೀ ಚಿತ್ತಾರ ಕಾಣದೆ ರಟ್ಟಿಗೆ ತೂತು ಹೊಡೆಯುವಂತಿರಲಿಲ್ಲ.

ಅಂದೇ ನೇಕಾರರ ಮುದುಕಿ ಸಾವಕ್ಕ ಬಂದು ಕೂತಳು. "ನಾಲ್ಕು ದಿನಕ್ಕ ಬಸರಿ ಮೊಮ್ಮಗಳ ಕುಬಸ ಐತಿ ತಮ್ಮಾ. ನೇಯಾಕ ಮೂರು ದಿನ ಬೇಕು. ಇವತ್ತ ಕಾರ್ಡ್ ಕೊಡದಿದ್ರ ನಮ್ಮ ಹುಡುಗಿ ಉಡಿಯಾಗ ಅಂಗಡಿ ಖಣಾ ಹಾಕಬೇಕಾಗತೈತಿ."

"ಹತ್ತು ನಿಮಿಷ ಕೂಡ್ರು ಯವ್ವಾ."

ಡ್ರೈವರ್ ಕಿತ್ತ, ಮತ್ತೆ ಹಾಕಿದ. ಹಾಕುವಾಗ ಅದೊಂದು ಹೊಸ ಪಾಸ್‌ವರ್ಡ್ ಕೇಳಿತು. ಯಾಕೆಂದು ಓದದೆ ಹೆಂಡತಿಯ ಹೆಸರು ಒತ್ತಿ ರೀಸ್ಟಾರ್ಟ್ ಮಾಡಿದ. ರೀಸ್ಟಾರ್ಟ್ ಆಗುವಾಗ ಅವನದೊಂದು ನೇಮವಿತ್ತು: ಊದುಬತ್ತಿ ಹಚ್ಚಿ, ಮಾನಿಟರಿಗೆ ಬೆಳಗಿ, ಕಣ್ಣು ಮುಚ್ಚಿ ಕೈಮುಗಿಯುವುದು. ಕಣ್ಣು ತೆರೆದರೆ ಅದೇ ಎಮ್ಮೆ ನವಿಲು.

ಹೀಗೆ ಹದಿನೇಳು ಸಲ. ಕೇಬಲ್ಲನ್ನು ಬೈದ, ಗ್ರಾಫಿಕ್ಸ್ ಕಾರ್ಡ್ ಮಾರಿದವನನ್ನು ಬೈದ, ಅವನ ಬೀಗರನ್ನೂ ಬಿಡಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಕಂಪ್ಯೂಟರ್ ಡಬ್ಬಿ ಎಷ್ಟು ಕಾದಿತ್ತೆಂದರೆ, ಸಾವಕ್ಕ ಅದರ ಮೇಲೆ ಹಪ್ಪಳ ಸುಟ್ಟುಕೊಂಡು ತಿಂದಳು. ಊದುಬತ್ತಿಯ ಕಟ್ಟೂ ಮುಗಿಯಿತು.

"ತಮ್ಮಾ, ನೀ ಕಣ್ಣು ಮುಚ್ಚಿದಾಗೊಮ್ಮೆ ನೀಲಿ ಪರದೆ ಬರತೈತಿ. ಹತ್ತರಿಂದ ಒಂದರ ತನಕ ಎಣಿಸಿ ಹೋಗತೈತಿ. ಅದೇನದು?"

"ಅಂಥಾದ್ದೇನೂ ಬರೂದಿಲ್ಲ ಯವ್ವಾ. ಮುಂಜಾನೆಯಿಂದ ಇಲ್ಲೇ ಕುಂತೀನಿ."

"ಕುಂತೀ ಖರೆ. ನೋಡೀಯೇನು?"

ಹದಿನೆಂಟನೆಯ ಸಲ ಹಚ್ಚಲು ಊದುಬತ್ತಿ ಇರಲಿಲ್ಲ. ಹಲ್ಲು ಕಡಿಯುತ್ತ ಕಣ್ಣು ಬಿಟ್ಟುಕೊಂಡೇ ಕೂತ. ನೀಲಿ ಪರದೆ ಬಂತು. 'ಈ ಡ್ರೈವರನ್ನು ನಂಬಬೇಕೆಂದರೆ ಒಂದು ಕೀ ಒತ್ತಿ, ಹಾಕುವಾಗ ಕೊಟ್ಟ ಪಾಸ್‌ವರ್ಡ್ ಹೇಳು' ಎಂಬುದು ಅದರ ಮಾತಿನ ತಾತ್ಪರ್ಯ. ಹತ್ತು, ಒಂಬತ್ತು, ಎಂಟು... ಈರಸಂಗಪ್ಪ ಒತ್ತಿದ. ಹೆಂಡತಿಯ ಹೆಸರು ಕೊಟ್ಟ. ಡ್ರೈವರ್ ಲೋಡ್ ಆಯಿತು. ನವಿಲು ತನ್ನ ಗಾತ್ರಕ್ಕಿಳಿದು ಎರಡೂ ಕಾಲು ತೋರಿಸಿತು.

ಸಂಜೆಗೆ ಸಾವಕ್ಕ ಕಾರ್ಡಿನ ಕಟ್ಟನ್ನು ಬಗಲಿಗಿಟ್ಟುಕೊಂಡು ಎದ್ದಳು. "ಕೈ ಮುಗಿ ತಮ್ಮಾ, ಬ್ಯಾಡನ್ನೂದಿಲ್ಲ. ಒಂದ ಕಣ್ಣಾದ್ರೂ ಬಿಟ್ಟಿರು."

ನೀತಿ: ಕೈಮುಗಿದು ಬೇಡುವ ಮೊದಲು, ಎದುರಿಗಿರುವುದು ನಮ್ಮಿಂದ ಏನು ಕೇಳುತ್ತಿದೆ ಎಂದು ಕಣ್ಣು ತೆರೆದು ನೋಡಬೇಕು.

ಇನ್ನು ಮೀಸೆಯ ಮಾತು. ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು ಹೌದು. ಆ ಹಪ್ಪಳ ನಿಜಕ್ಕೂ ಒಂದೇ ಮಗ್ಗುಲು ಸುಟ್ಟಿತ್ತು. ಬೋಳಿಸಲೇಬೇಕೆಂದರೆ ಮೀಸೆಯನ್ನೂ ಒಂದೇ ಬದಿ ಬೋಳಿಸಿ.