ಅಧ್ಯಕ್ಷರ ಶಿಫಾರಸು

ವೃದ್ಧರ ಊಟದ ಮನೆ ನಡೆಸುವ ಪುಟ್ಟ ಸಂಘಕ್ಕೆ ಕಾಯಂ ಅಡಿಗೆಯವರು ಬೇಕಾಗಿದ್ದರು. ಮೂರು ವರ್ಷದಿಂದ ಅಲ್ಲಿ ಸೌಟು ಹಿಡಿದ ಚಿಕ್ಕತಾಯಿಗೇ ಆ ಕೆಲಸ ಅಂತ ಊರೇ ನಂಬಿತ್ತು. ಅಧ್ಯಕ್ಷ ಗುರುಮಲ್ಲಪ್ಪನವರು ಮಾತ್ರ ನಂಬಿರಲಿಲ್ಲ. ಅವರಿಗೊಬ್ಬ ಭಾಮೈದ ಇದ್ದ. ಬರೀ ನೀರು ಕಾಯಿಸಿದರೂ ತಳ ಹಿಡಿಸುವ ಆಸಾಮಿ.

"ನನ್ನ ಶಿಫಾರಸು ಕಣಯ್ಯಾ, ಅವನ ಆರ್ಡರು ಬರಿ," ಅಂದರು ಗುಮಾಸ್ತನಿಗೆ.

ಎದುರಾಡಿದರೆ ತನ್ನ ಕೆಲಸ ಹೋಗುತ್ತೆ, ಸುಮ್ಮನಿದ್ದರೆ ಚಿಕ್ಕತಾಯಿಯದು. ಗುಮಾಸ್ತ ಆರ್ಡರು ಬರೆದ. ಕೆಳಗೆ ಇನ್ನೊಂದು ಸಾಲು ಸೇರಿಸಿ, ವಿನಯದಿಂದ ಮುಂದಿಟ್ಟ.

"ರುಜು ಹಾಕಿ ಸಾರ್. ಅಡಿಗೆಯವರು ಬಾರದ ದಿನ ಶಿಫಾರಸು ಮಾಡಿದವರೇ ಅಡಿಗೆ ಮಾಡಬೇಕು."

"ಇದ್ಯಾವಾಗಿನ ರೂಲೋ?"

"ಈಗಿಂದೀಗ ಬಂತು ಸಾರ್. ನಲವತ್ತು ಜನ ಹಸಿದು ಕೂತರೆ ಯಾರಾದರೂ ಮುದ್ದೆ ತಿರುವಬೇಕಲ್ಲ?"

"ನಮ್ಮ ಹುಡುಗ ಯಾಕಯ್ಯಾ ತಪ್ಪಿಸ್ತಾನೆ?"

"ಇವತ್ತಿನ ಇಂಟರ್‌ವ್ಯೂಗೇ ಬಂದಿಲ್ಲ ಸಾರ್. ಇನ್ನೂ ಎದ್ದಿಲ್ಲವಂತೆ."

ಜಗಲಿಯಲ್ಲಿದ್ದ ಮುದುಕರಿಗೆಲ್ಲ ಕಿವಿ ಚುರುಕಾಯಿತು. "ಹಾಕಿ ಸ್ವಾಮಿ ರುಜು! ನಿಮ್ಮ ಕೈರುಚೀನೂ ನೋಡಾನ!" ಅಂತ ಒಬ್ಬ ಕೂಗಿದ.

ಅಧ್ಯಕ್ಷರ ಹಣೆ ಬೆವೆತಿತು. ಭಾಮೈದನ ಹೆಸರು ಹೊಡೆದುಹಾಕಿ, ಚಿಕ್ಕತಾಯಿಯ ಹೆಸರು ಗೀಚಿ, ರುಜು ಮಾಡಿ ನಿಟ್ಟುಸಿರು ಬಿಟ್ಟರು. ಕೆಳಗಿನ ಸಾಲು ಹಾಗೇ ಉಳಿದಿದೆ ಅಂತ ಆಮೇಲೆ ಹೊಳೆಯಿತು.

ಅಂದಿನಿಂದ ದಿನಾ ಬೆಳಗ್ಗೆ ಅಧ್ಯಕ್ಷರು ಅವಳ ಮನೆ ಬಾಗಿಲಲ್ಲಿ ಹಾಜರು.

"ಚಿಕ್ಕತಾಯಮ್ಮನೋರೇ, ಮೈ ಹುಷಾರಾಗಿದೆಯಾ ತಾಯಿ?"